ಮಾರುವೇಷದ ಗಿರಾಕಿ

ರಾಜಾಜಿನಗರದ ವಾಚಕಿಯೊಬ್ಬರು ಬರೆದ ಕಾಗದವೊಂದು ಹದಿನೈದು ದಿನಗಳಿಂದ ನನ್ನ ಮೇಜಿನ ಮೇಲೆ ಕುಳಿತಿದೆ. ಯಜಮಾನರ ಸಂಬಳ ತಿಂಗಳ ಇಪ್ಪತ್ತೈದನೆಯ ತಾರೀಖಿನವರೆಗೆ ಹೇಗೋ ನಡೆದು ಬಂದು ಅಲ್ಲಿಗೆ ಏದುಸಿರು ಬಿಡುತ್ತದೆಯಂತೆ. ಮಕ್ಕಳಿಬ್ಬರೂ ಶಾಲೆಗೆ ಹೋದ ಮೇಲೆ ಹತ್ತರಿಂದ ಮೂರು ಗಂಟೆಯವರೆಗೆ ಈಕೆಗೆ ಬಿಡುವು. ‘ಮಿಸ್ಟರಿ ಷಾಪಿಂಗ್’ ಎಂಬ ಉಪಕಸುಬೊಂದು ಇದೆಯಂತೆ, ಅಂಗಡಿಗೆ ಹೋಗಿ ಸಾಮಾನು ಕೊಂಡು ಬಂದರೆ ಅವರೇ ದುಡ್ಡು ಕೊಡುತ್ತಾರಂತೆ, ಇದನ್ನು ನಂಬಬಹುದೆ, ಎಂದು ಕೇಳಿದ್ದಾರೆ. ಕೊನೆಯಲ್ಲಿ ಇನ್ನೊಂದು ಸಾಲನ್ನು ಸಂಕೋಚದಿಂದ ಸೇರಿಸಿದ್ದಾರೆ: “ಗುಟ್ಟಾಗಿ ಹೋಗಿ ಇನ್ನೊಬ್ಬರ ಮೇಲೆ ಬರೆದು ಕೊಡುವುದು ಚಾಡಿ ಹೇಳಿದಂತೆ ಆಗುವುದಿಲ್ಲವೆ ಎಂದು ನಮ್ಮ ಅತ್ತೆಯವರು ಕೇಳುತ್ತಾರೆ.”

ಸೊಸೆಯ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟವಲ್ಲ. ಕಾಗದ ಹದಿನೈದು ದಿನ ಮೇಜಿನ ಮೇಲೆಯೇ ಉಳಿದದ್ದು ಅತ್ತೆಯವರ ಪ್ರಶ್ನೆಯಿಂದ.

ಒಂದೇ ಹೆಸರಿನಲ್ಲಿ ಹತ್ತಾರು ಊರುಗಳಲ್ಲಿ ಶಾಖೆಗಳನ್ನು ತೆರೆದಿರುವ ಹೋಟೆಲುಗಳು, ಬಟ್ಟೆಯ ಮಳಿಗೆಗಳು, ಪೆಟ್ರೋಲ್ ಬಂಕುಗಳು, ಬ್ಯಾಂಕುಗಳು ಈಗ ಬೇಕಾದಷ್ಟಿವೆ. ಯಜಮಾನನಾದವನು ಗಲ್ಲದ ಮೇಲೆ ಕುಳಿತು ಎಲ್ಲವನ್ನೂ ಕಣ್ಣಾರೆ ನೋಡುತ್ತಿದ್ದ ಕಾಲ ಹೋಯಿತು. ಮೇಲಧಿಕಾರಿ ತನಿಖೆಗೆ ಬರುವ ದಿನ ನೆಲ ಕನ್ನಡಿಯಾಗಿರುತ್ತದೆ, ಮಾಣಿಯ ಮುಖದಲ್ಲಿ ಮಂದಹಾಸವಿರುತ್ತದೆ. ಅವನ ಕಾರು ತಿರುವು ದಾಟಿದೊಡನೆ ಎರಡೂ ಮಾಯ. ಆದ್ದರಿಂದ ಕಂಪನಿಗಳು ಈ ಕೆಲಸಕ್ಕೆಂದೇ ಇರುವ ಮಧ್ಯವರ್ತಿ ಸಂಸ್ಥೆಗಳನ್ನು ಗೊತ್ತುಮಾಡಿಕೊಳ್ಳುತ್ತವೆ. ಆ ಸಂಸ್ಥೆಗಳು ನಮ್ಮ ನಿಮ್ಮಂಥ ಸಾಧಾರಣ ಜನರನ್ನು ಗಿರಾಕಿಗಳ ಹಾಗೆ ಅಂಗಡಿಗೆ ಕಳುಹಿಸಿ, ಕಂಡದ್ದನ್ನು ಬರೆಯಿಸಿಕೊಳ್ಳುತ್ತವೆ. ಒಳಗೆ ಬಂದ ಎಷ್ಟು ಹೊತ್ತಿಗೆ ಮಾತನಾಡಿಸಿದರು? ನಮಸ್ಕಾರ ಹೇಳಿದರೆ? ಬಂಕಿನಲ್ಲಿ ಪೆಟ್ರೋಲ್ ಹಾಕುವ ಮುನ್ನ ಮೀಟರಿನ ಸೊನ್ನೆಯನ್ನು ತೋರಿಸಿದರೆ? ಕೈತೊಳೆಯುವಲ್ಲಿ ಸಾಬೂನಿತ್ತೆ? ಇಂಥ ಪ್ರಶ್ನೆಗಳು ಐವತ್ತು, ಅರವತ್ತು. ಕೆಲಸಕ್ಕೆ ಇಷ್ಟು ಎಂದು ಶುಲ್ಕ. ಕೊಂಡ ಪದಾರ್ಥದ ಬೆಲೆ ಒಂದು ಮಿತಿಯವರೆಗೆ ವಾಪಸು.

ಹೆಸರು ಹೊಸದಾದರೂ ಉಪಾಯ ಹೊಸದಲ್ಲ. ಬಾಗ್ದಾದಿನ ಹರೂನ್ ಅಲ್ ರಷೀದ್ ರಾತ್ರಿ ಹೊತ್ತು ವೇಷ ಮರೆಸಿಕೊಂಡು ಪೇಟೆ ಸುತ್ತುತ್ತಿದ್ದನೆಂಬ ಕಥೆಗಳನ್ನು ಬಾಲ್ಯದಲ್ಲಿ ಕೇಳದವರಾರು? ನಮ್ಮ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಸಿಕ್ಕ ಓಲೆಗರಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವ್ಯಾಪಾರಿಯ ವೇಷದ ಗೂಢಚಾರನಿಗೆ ಒಂದು ಪ್ರತ್ಯೇಕ ಹೆಸರೇ ಇದೆ. ನ್ಯಾಯಾಧಿಕಾರಿಯ ಬಳಿಗೆ ಒಬ್ಬನನ್ನು ಕಳುಹಿಸಿ, “ನನ್ನ ಬಂಧುವಿನ ಮೇಲೆ ಆಪಾದನೆ ಬಂದಿದೆ, ಈ ಹಣ ತೆಗೆದುಕೊಂಡು ಬಿಡಿಸಿಕೊಡಿ” ಎಂದು ಹೇಳಿಸಬೇಕು, ಅವನು ಒಪ್ಪಿದರೆ ಗಡೀಪಾರು, ಎಂದು ಕೌಟಿಲ್ಯ ವಿಧಿಸುತ್ತಾನೆ. ಅಂಗಡಿಗಳ ಮಟ್ಟಿಗೆ ಇದು ‘ಮಿಸ್ಟರಿ ಷಾಪಿಂಗ್’ ಎಂಬ ಹೆಸರು ಪಡೆದದ್ದು ಅಮೆರಿಕದಲ್ಲಿ, 1940ರ ದಶಕದಲ್ಲಿ ಎನ್ನುತ್ತಾರೆ. ಆಗ ಮುಖ್ಯವಾಗಿ ನೋಡುತ್ತಿದ್ದದ್ದು ಗುಮಾಸ್ತ ಗಲ್ಲದ ಹಣಕ್ಕೆ ಕೈಹಾಕುತ್ತಾನೆಯೆ ಎಂಬುದನ್ನು. ಈಗ ನೋಡುವುದು ಅವನು ನಗುತ್ತಾನೆಯೆ ಎಂಬುದನ್ನು. ಯಾವುದು ಹೆಚ್ಚು ಕಠಿಣವಾದ ಪರೀಕ್ಷೆಯೋ ನಾನರಿಯೆ.

ಪುಸ್ತಕದ ಮಾತು ಸಾಕು. ನಮ್ಮ ಬೀದಿಯಲ್ಲೇ, ಮೂರು ಮನೆಯಾಚೆ, ಎರಡು ವರ್ಷಗಳಿಂದ ಈ ಕೆಲಸ ಮಾಡುತ್ತಿರುವ ಗೃಹಿಣಿಯೊಬ್ಬರಿದ್ದಾರೆ. ಗುಟ್ಟಿನ ಕಸುಬಾದ್ದರಿಂದ ಹೆಸರು ಹೇಳುವಂತಿಲ್ಲ. ಹೇಳಿದರೆ ಅವರ ಕೆಲಸ ಹೋಗುತ್ತದೆ. ಹೋದ ಭಾನುವಾರ ಅವರನ್ನು ಕೂರಿಸಿಕೊಂಡು ಲೆಕ್ಕ ಕೇಳಿದೆ. ಬಿ.ಕಾಂ. ಓದಿದವರು, ಬೆರಳು ಮಡಿಸಿ ಲೆಕ್ಕ ಒಪ್ಪಿಸಿದರು.

ಕೋರಮಂಗಲದ ಒಂದು ಹೋಟೆಲಿನ ಕೆಲಸ. ಶುಲ್ಕ 350 ರೂಪಾಯಿ, ಊಟದ ಖರ್ಚು 600 ರೂಪಾಯಿಯವರೆಗೆ. ಹೋಗಿ ಬರಲು ಎರಡೂವರೆ ಗಂಟೆ, ಹೋಟೆಲಿನಲ್ಲಿ ಒಂದು ಗಂಟೆ, ಮನೆಗೆ ಬಂದು ವರದಿ ಬರೆಯಲು ಒಂದೂವರೆ ಗಂಟೆ. ಒಟ್ಟು ಐದು ಗಂಟೆ. ಗಂಟೆಗೆ 70 ರೂಪಾಯಿ ಬಿತ್ತು. 2023ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರಕಾರದ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿನ ಖರ್ಚಿಲ್ಲದ್ದರಿಂದ ಆ 70 ಹಾಗೆಯೇ ಉಳಿಯಿತು. ಗಂಡಸರು ಹೋಗಿದ್ದರೆ ಅದೂ ಕರಗುತ್ತಿತ್ತು.

“ಆದರೆ ಊಟ ಬಿಟ್ಟಿಯಲ್ಲವೇನಮ್ಮಾ?” ಎಂದೆ.

“ಬಿಟ್ಟಿಯಲ್ಲ ರಾಯರೇ, ಸಾಲ. ಅದೂ ನಾವು ಕಂಪನಿಗೆ ಕೊಟ್ಟ ಸಾಲ!”

ಈ ಮಾತು ನನಗೆ ಹೊಳೆದಿರಲಿಲ್ಲ. ಊಟದ ದುಡ್ಡನ್ನು ಮೊದಲು ಕೈಯಿಂದ ತೆರಬೇಕು. ಅದು ಮರಳುವುದು ಶುಲ್ಕದ ಜತೆಯಲ್ಲಿ. ಈಕೆಯ ಅನುಭವದಲ್ಲಿ ಎರಡು ತಿಂಗಳಿಗೆ. ತಿಂಗಳಿಗೆ ಎಂಟು ಕೆಲಸ ಹಿಡಿದರೆ ಶುಲ್ಕದ ಬಾಬ್ತು 2,800 ರೂಪಾಯಿ ಸಂಪಾದನೆ. ಆದರೆ ಅಷ್ಟು ಹೊತ್ತಿಗೆ ಮನೆಯ 9,600 ರೂಪಾಯಿ ಹೊರಗೆ ಸಿಕ್ಕಿಕೊಂಡಿರುತ್ತದೆ, ಬಡ್ಡಿಯಿಲ್ಲದೆ. ಇಪ್ಪತ್ತೈದನೆಯ ತಾರೀಖಿಗೆ ಡಬ್ಬಿಯ ತಳ ಕಾಣುವ ಸಂಸಾರಕ್ಕೆ ಇದು ಸಣ್ಣ ಸಂಗತಿಯಲ್ಲ. ವರದಿ ತಿರಸ್ಕೃತವಾಯಿತೋ, ಊಟದ ದುಡ್ಡೂ ಹೋಯಿತು, ಶುಲ್ಕವೂ ಹೋಯಿತು. ತಿರಸ್ಕಾರಕ್ಕೆ ದೊಡ್ಡ ಕಾರಣವೇನೂ ಬೇಕಾಗಿಲ್ಲ. ಒಂದರಿಂದ ಮೂರರೊಳಗೆ ಹೋಗಿ ಎಂದಿದ್ದಲ್ಲಿ ಮೂರು ಗಂಟೆ ಹತ್ತು ನಿಮಿಷಕ್ಕೆ ಹೋದಿರಿ. ಬಿಲ್ಲಿನ ಫೋಟೋದಲ್ಲಿ ತಾರೀಖು ಮಸುಕಾಯಿತು. ಬಡಿಸಿದವನ ಹೆಸರು ಬರೆಯುವುದು ಮರೆಯಿತು—ಇಷ್ಟು ಸಾಕು. ಒಮ್ಮೆ ಮಗು ಬಿಲ್ಲಿನ ಮೇಲೆ ಸಾಂಬಾರು ಚೆಲ್ಲಿದ್ದರಿಂದ ಈಕೆಗೆ ಒಂದು ಸಾವಿರದಷ್ಟು ನಷ್ಟವಾಯಿತಂತೆ.

ಸಂಸಾರ ಸಮೇತ ಹೋಗುವ ಕೆಲಸಗಳೂ ಇವೆ. ಹೊರಗಿನಿಂದ ನೋಡಿದವರಿಗೆ ಇದಕ್ಕಿಂತ ಸುಖವಿಲ್ಲ. ಯಜಮಾನರು ಸಂತೋಷವಾಗಿ ಮಾತು ತೆಗೆಯುತ್ತಾರೆ. ಹೆಂಡತಿಯ ದೃಷ್ಟಿ ಮಾತ್ರ ಗಡಿಯಾರದ ಮೇಲೆ. ಸೂಪು ಬಂದದ್ದು ಎಷ್ಟು ಹೊತ್ತಿಗೆ, ಲೋಟ ತುಂಬಿಸಿದವರು ಯಾರು, ಅಂಗಿಯ ಮೇಲಿನ ಹೆಸರಿನ ಪಟ್ಟಿಯಲ್ಲಿ ಏನಿದೆ, ಎಲ್ಲವನ್ನೂ ಬಾಯಿಪಾಠ ಮಾಡಿಕೊಳ್ಳಬೇಕು, ಬರೆದುಕೊಂಡರೆ ಸಿಕ್ಕಿಬೀಳುತ್ತಾರೆ. ಒಂದು ಸಲ ಆರು ವರ್ಷದ ಮಗ ಎಲ್ಲರಿಗೂ ಕೇಳಿಸುವಂತೆ, “ಅಮ್ಮಾ, ಆ ಮಾಮನ ಹೆಸರು ನೆನಪಿಟ್ಟುಕೊಂಡೆಯಾ?” ಎಂದು ಕೂಗಿಬಿಟ್ಟನಂತೆ. ಅಂದಿನಿಂದ ಯಜಮಾನರು, “ನಿನ್ನ ಬಿಟ್ಟಿ ಊಟಕ್ಕಿಂತ ಮನೆಯ ಮೊಸರನ್ನವೇ ಲೇಸು” ಎಂದು ಬಿಟ್ಟಿದ್ದಾರೆ. ಅವರಲ್ಲಿ ನನಗೆ ಪೂರ್ಣ ಸಹಾನುಭೂತಿಯಿದೆ.

ಹಾಗಾದರೆ ಏಕೆ ಮಾಡುತ್ತೀರಿ ಎಂದು ಕೇಳಿದೆ. ಕೆಲಸವನ್ನು ಹಿಡಿಯುವುದೂ ಬಿಡುವುದೂ ತಮ್ಮ ಇಷ್ಟ. ಮಕ್ಕಳಿಗೆ ಜ್ವರ ಬಂದ ವಾರ ಯಾರನ್ನೂ ರಜ ಬೇಡಬೇಕಾಗಿಲ್ಲ. ಒಬ್ಬರೇ ಹೋಗಿ ಮೋಟಾರು ಮಳಿಗೆಯಲ್ಲಿ ಪ್ರಶ್ನೆ ಕೇಳುವ ಧೈರ್ಯ ಬಂದಿದೆ. ಹೇಗಿದ್ದರೂ ಕೊಳ್ಳಬೇಕಾಗಿದ್ದ ಮಕ್ಕಳ ಬೂಟು, ಕನ್ನಡಕ ಇವುಗಳ ಕೆಲಸವನ್ನೇ ಆರಿಸಿಕೊಂಡರೆ ನಿಜವಾಗಿ ಲಾಭವುಂಟು. “ಮತ್ತೆ, ನನ್ನ ಮಾತನ್ನು ಯಾರೋ ಓದಿ ಉತ್ತರ ಬರೆಯುತ್ತಾರಲ್ಲ, ಅದೂ ಒಂದು” ಎಂದು ಮೆಲ್ಲನೆ ಸೇರಿಸಿದರು. ಈ ಕೊನೆಯ ಕಾರಣವನ್ನು ಗಂಡಂದಿರು ಸ್ವಲ್ಪ ಗಮನಿಸಬೇಕು.

ಮೋಸದ ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ‘ನೀವು ಆಯ್ಕೆಯಾಗಿದ್ದೀರಿ’ ಎಂದು ದೊಡ್ಡ ಮೊತ್ತದ ಚೆಕ್ಕು ಕಳುಹಿಸಿ, ಅದನ್ನು ಬ್ಯಾಂಕಿಗೆ ಕಟ್ಟಿ ಒಂದು ಭಾಗವನ್ನು ಬೇರೆಡೆಗೆ ರವಾನಿಸಿ ಎನ್ನುತ್ತಾರೆ. ಚೆಕ್ಕು ಖೋಟಾ ಎಂದು ತಿಳಿಯುವಷ್ಟರಲ್ಲಿ ರವಾನೆಯಾದ ಹಣ ನಿಮ್ಮದಾಗಿರುತ್ತದೆ. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ವರ್ಷಗಳಿಂದ ಎಚ್ಚರಿಸುತ್ತಲೇ ಇದೆ. ನಮ್ಮಲ್ಲಿ ಇದೇ ವಿದ್ಯೆಯ ಇನ್ನೊಂದು ರೂಪ ಮೊಬೈಲಿನಲ್ಲಿ ಬರುತ್ತದೆ. ಮನೆಯಲ್ಲೇ ಕುಳಿತು ಹೋಟೆಲಿಗೆ ಐದು ನಕ್ಷತ್ರ ಕೊಡಿ ಎಂದು ಮೊದಲು ನೂರಿನ್ನೂರು ರೂಪಾಯಿ ನಿಜವಾಗಿಯೇ ಹಾಕುತ್ತಾರೆ. ಆಮೇಲೆ ದೊಡ್ಡ ಕೆಲಸಕ್ಕೆ ಠೇವಣಿ ಇಡಿ ಎನ್ನುತ್ತಾರೆ. ಠೇವಣಿಯಿಟ್ಟವರು ಅದನ್ನು ಮತ್ತೆ ಕಾಣುವುದಿಲ್ಲ. ಕೆಲಸ ಕೊಡುವವನು ಕೆಲಸಗಾರನಿಂದ ಹಣ ಕೇಳಿದ ಗಳಿಗೆಯಲ್ಲೇ ಬಾಗಿಲು ಹಾಕಿಕೊಳ್ಳಿ. ಮೋಸಹೋದವರು ನಾಚಿಕೆಪಟ್ಟು ಸುಮ್ಮನಿರದೆ ಒಡನೆಯೇ 1930 ಸಂಖ್ಯೆಗೆ ಫೋನು ಮಾಡಬೇಕು. ಬ್ಯಾಂಕಿನಲ್ಲಿ ಸಾಲ ಬೇಕೆಂದು ನಟಿಸುವ ಕೆಲಸ ಬಂದರೆ ವಿಚಾರಿಸಿ ಬನ್ನಿ, ಅರ್ಜಿಗೆ ಮಾತ್ರ ಸಹಿ ಹಾಕಬೇಡಿ; ಆ ವಿಚಾರಣೆ ನಿಮ್ಮ ಸಾಲದ ದಾಖಲೆಯಲ್ಲಿ ಉಳಿದುಕೊಳ್ಳುತ್ತದೆ. ಮನೆಯವರು ಸರಕಾರಿ ನೌಕರರಾಗಿದ್ದು ತಾವೇ ಇದನ್ನು ಮಾಡಹೊರಟರೆ ಇಲಾಖೆಯ ಅನುಮತಿ ಮೊದಲು.

ಇನ್ನು ಅತ್ತೆಯವರ ಪ್ರಶ್ನೆ.

ನಮ್ಮ ಬೀದಿಯ ಈ ಗೃಹಿಣಿ ಕಳೆದ ವರ್ಷ ಒಂದು ಬಟ್ಟೆಯ ಮಳಿಗೆಗೆ ಹೋಗಿದ್ದರು. ಸಂಜೆ ಏಳು ಗಂಟೆ. ಕೌಂಟರಿನ ಹುಡುಗಿ ಪೆಟ್ಟಿಗೆಯೊಂದರ ಮೇಲೆ ಕುಳಿತಿದ್ದಳು. ಇವರು ಒಳಗೆ ಬಂದು ನಾಲ್ಕು ನಿಮಿಷವಾದರೂ ಏಳಲಿಲ್ಲ, ನಮಸ್ಕಾರ ಹೇಳಲಿಲ್ಲ. ‘ಸಿಬ್ಬಂದಿ ನಿಂತಿದ್ದರೆ? ಗಿರಾಕಿಯನ್ನು ಸ್ವಾಗತಿಸಿದರೆ? ಮುಗುಳ್ನಗೆ ಇತ್ತೆ?’ ಮೂರಕ್ಕೂ ‘ಇಲ್ಲ’ ಎಂದು ಗುರುತು ಹಾಕಿ ಕಳುಹಿಸಿದರು. ಬರೆದದ್ದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ವರದಿಗೆ ಒಳ್ಳೆಯ ದರ್ಜೆಯೂ ಬಂತು.

ಅದಾದ ಕೆಲವು ವಾರಗಳಿಗೆ ಇವರ ಮನೆಯಲ್ಲಿ ಪಾತ್ರೆ ತೊಳೆಯುವ ಹೆಂಗಸು ಐನೂರು ರೂಪಾಯಿ ಮುಂಗಡ ಕೇಳಿದಳು. ಕೇಳುವ ಅಭ್ಯಾಸದವಳಲ್ಲ. ಕಾರಣವೇನೆಂದರೆ, “ಮಗಳಿಗೆ ಈ ತಿಂಗಳು ಇನ್ಸೆಂಟಿವ್ ಬಂದಿಲ್ಲ ಅಕ್ಕಾ. ಯಾರೋ ಗಿರಾಕಿ ಥರ ಬಂದು ಗುಟ್ಟಾಗಿ ಬರಕೊಂಡು ಹೋದ್ರಂತೆ. ಮಾರ್ಕು ಎಂಬತ್ತಕ್ಕಿಂತ ಕಮ್ಮಿ ಬಂತು ಅಂತ ಅಂಗಡೀಲಿ ಎಲ್ರಿಗೂ ಕಟ್ ಮಾಡಿದ್ರು” ಎಂದಳು. ಮಗಳು ಕೆಲಸ ಮಾಡುತ್ತಿದ್ದದ್ದು ಬೇರೆ ಬಡಾವಣೆಯ ಬೇರೆ ಕಂಪನಿಯ ಅಂಗಡಿಯಲ್ಲಿ, ಬರೆದವರು ಇನ್ನಾರೋ. ಆದರೂ ಆ ಹೊತ್ತು ಈಕೆಗೆ ಮಾತು ಹೊರಡಲಿಲ್ಲವಂತೆ. ಐನೂರು ಕೊಟ್ಟರು. ರಾತ್ರಿ ತಮ್ಮ ಹಳೆಯ ವರದಿಯನ್ನು ತೆಗೆದು ಮತ್ತೊಮ್ಮೆ ಓದಿದರು.

ಓದಿದಾಗ ನೆನಪಾದದ್ದು ಇಷ್ಟು: ಆ ಸಂಜೆ ಅಷ್ಟು ದೊಡ್ಡ ಮಹಡಿಗೆ ಇದ್ದವಳು ಆ ಹುಡುಗಿಯೊಬ್ಬಳೇ. ಜತೆಯವರಿಬ್ಬರು ಕೆಳಗೆ ಲಾರಿಯಿಂದ ಮೂಟೆ ಇಳಿಸಿಕೊಳ್ಳುತ್ತಿದ್ದರು. ಅವಳು ಪೆಟ್ಟಿಗೆಯ ಮೇಲೆ ಕುಳಿತು ಪಾದವನ್ನು ಒತ್ತಿಕೊಳ್ಳುತ್ತಿದ್ದಳು. ಬೆಳಗ್ಗೆ ಹತ್ತರಿಂದ ನಿಂತಿದ್ದಿರಬಹುದು. ಈ ಯಾವುದಕ್ಕೂ ಪ್ರಶ್ನೆಪತ್ರಿಕೆಯಲ್ಲಿ ಜಾಗವಿರಲಿಲ್ಲ. ಇವರೂ ಜಾಗ ಮಾಡಿರಲಿಲ್ಲ.

ನಿಲ್ಲುವ ಮಾತು ಬಂದದ್ದರಿಂದ ಒಂದು ವಿಷಯ ಹೇಳಬೇಕು. ಕೇರಳದ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ಕುಳಿತುಕೊಳ್ಳುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಆ ರಾಜ್ಯ ಕಾನೂನನ್ನು ತಿದ್ದಿ, ಅಂಗಡಿಯ ನೌಕರರಿಗೆ ಆಸನ ಒದಗಿಸಬೇಕೆಂದು ವಿಧಿಸಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಒಂದು ಕಡೆ ಶಾಸನಸಭೆ ಕುಳಿತುಕೊಳ್ಳಮ್ಮಾ ಎನ್ನುತ್ತದೆ; ಇನ್ನೊಂದು ಕಡೆ 350 ರೂಪಾಯಿ ಪಡೆದ ನಮ್ಮ ನೆರೆಮನೆಯಾಕೆ ‘ಕುಳಿತಿದ್ದಳು’ ಎಂದು ಬರೆದು ಕೊಡುತ್ತಾರೆ!

ಹಾಗೆಂದು ಈ ಕಸುಬೇ ಕೆಟ್ಟದ್ದೆಂದು ನಾನು ಹೇಳಲಾರೆ. ಮಾರುವೇಷದ ಗಿರಾಕಿಯಲ್ಲದೆ ಇನ್ನಾರೂ ಹೊರಗೆಡಹಲಾರದ ಸತ್ಯಗಳುಂಟು. ದೆಹಲಿಯ ಖಾಸಗಿ ವೈದ್ಯರ ಬಳಿಗೆ ಕ್ಷಯದ ಲಕ್ಷಣಗಳನ್ನು ಕಲಿತು ಹೇಳುವ ನಟ-ರೋಗಿಗಳನ್ನು ಸಂಶೋಧಕರು ಕಳುಹಿಸಿದರು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. 250 ಭೇಟಿಗಳಲ್ಲಿ ಸರಿಯಾದ ಕ್ರಮ ಕೈಗೊಂಡದ್ದು ಸುಮಾರು ಐದರಲ್ಲೊಂದು ಪಾಲು ಮಾತ್ರ. ಮುಂದೆಂದಾದರೂ ಇಂಥ ರೋಗಿಗಳು ಬರುತ್ತಾರೆಂದು ತಿಳಿಸಿ ಆ ವೈದ್ಯರಿಂದ ಒಪ್ಪಿಗೆಯನ್ನು ಮೊದಲೇ ಪಡೆಯಲಾಗಿತ್ತು ಎಂಬುದು ಗಮನಾರ್ಹ. ಜೀವವಿಮೆಯ ಏಜೆಂಟರ ಬಳಿಗೂ ಹೀಗೆಯೇ ಗಿರಾಕಿಗಳನ್ನು ಕಳುಹಿಸಿದ ಇನ್ನೊಂದು ಅಧ್ಯಯನ 2017ರಲ್ಲಿ ಅಚ್ಚಾಯಿತು. ಕಡಿಮೆ ಕಂತಿನ ಟರ್ಮ್ ಪಾಲಿಸಿಯೇ ಹಿತವಾಗಿದ್ದವರಿಗೂ ಬಹುಪಾಲು ಏಜೆಂಟರು ಕಮಿಷನ್ ಹೆಚ್ಚಾಗಿರುವ ಪಾಲಿಸಿಯನ್ನೇ ಹೊಗಳಿದ್ದರು. ನಮ್ಮ ಮಧ್ಯಮವರ್ಗದ ಮನೆಗಳ ಬೀರುವಿನಲ್ಲಿ ಅಂಥ ಪಾಲಿಸಿಗಳು ಎಷ್ಟಿವೆಯೋ! ನನ್ನ ಬೀರುವಿನಲ್ಲಿ ಎರಡಿವೆ. ಯಾವ ದೂರಿನ ಪೆಟ್ಟಿಗೆಯೂ ಇದನ್ನು ತೋರಿಸಿಕೊಡುತ್ತಿರಲಿಲ್ಲ; ಏಕೆಂದರೆ ಮೋಸಹೋದದ್ದು ನಮಗೇ ತಿಳಿದಿರುವುದಿಲ್ಲ.

ಆದ್ದರಿಂದ ಅತ್ತೆಯವರಿಗೆ ನನ್ನ ಉತ್ತರ ಹೀಗೆ: ವೇಷ ಹಾಕಿದ ಮಾತ್ರಕ್ಕೆ ಚಾಡಿಯಾಗುವುದಿಲ್ಲ. ಕಂಡದ್ದರಲ್ಲಿ ಅರ್ಧವನ್ನು ಹೇಳಿ, ಉಳಿದರ್ಧವನ್ನು ಬಿಟ್ಟು, ಎದುರು ಹೇಳಲಾರದವನ ಮೇಲೆ ಹೊರಿಸಿದರೆ ಅದು ಚಾಡಿ. ಸತ್ಯವೇ ಆಗಿದ್ದರೂ ಚಾಡಿ. ವಿಮೆಯ ಅಧ್ಯಯನ ಯಾವ ಏಜೆಂಟನ ಹೆಸರನ್ನೂ ಹೇಳಲಿಲ್ಲ. ಅಂಗಡಿಯ ವರದಿಯಲ್ಲಿ ಮೊದಲು ಕೇಳುವುದೇ ಹೆಸರನ್ನು. ಮಾರುಕಟ್ಟೆ ಸಂಶೋಧಕರ ಅಂತರರಾಷ್ಟ್ರೀಯ ಸಂಸ್ಥೆಯಾದ ಎಸೊಮಾರ್, ಇಂಥ ಪರೀಕ್ಷೆ ನಡೆಯಬಹುದೆಂದು ನೌಕರರಿಗೆ ಮುಂಚೆಯೇ ತಿಳಿಸಿರಬೇಕು ಎನ್ನುತ್ತದೆ. ತಿಳಿಸಿದ್ದಾರೆಯೆ ಎಂದು ಕೆಲಸ ಒಪ್ಪುವ ಮುನ್ನ ಮಧ್ಯವರ್ತಿ ಸಂಸ್ಥೆಯನ್ನು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಕೇಳಿದವರಿಗೆ ಕೆಲಸ ಕಡಿಮೆಯಾಗಬಹುದು. ಆಗಲಿ.

ಇನ್ನೊಂದು ಸಂಕಟವನ್ನೂ ಆಕೆ ಹೇಳಿದರು. ಮೋಟಾರು ಮಳಿಗೆಯ ಹುಡುಗ ಇವರನ್ನು ನಿಜವಾದ ಗಿರಾಕಿಯೆಂದು ನಂಬಿ ಒಂದು ಗಂಟೆ ಕಾರು ತೋರಿಸಿದ, ಕಾಫಿ ತರಿಸಿದ, ಆ ತಿಂಗಳು ಎರಡೇ ಕಾರು ಮಾರಿದ್ದೇನೆ, ಇದು ಮೂರನೆಯದು, ಎಂದು ಆಸೆಯಿಂದ ಹೇಳಿದ. ಆಮೇಲೆ ಮೂರು ತಿಂಗಳು ಫೋನು ಮಾಡಿದ. ‘ಬೇರೆ ಕಡೆ ಕೊಂಡೆವು’ ಎಂದು ಸುಳ್ಳು ಹೇಳಿ ಮುಗಿಸಬೇಕಾಯಿತು. ಈಗ ಆಕೆ ಕಾರಿನ ಕೆಲಸ ಒಪ್ಪುವುದಿಲ್ಲ. ಹೋಟೆಲು, ಬಂಕು, ಔಷಧದ ಅಂಗಡಿ—ನಿಜವಾಗಿ ಏನನ್ನಾದರೂ ಕೊಂಡು ದುಡ್ಡು ಕೊಟ್ಟು ಬರುವ ಜಾಗಗಳು ಮಾತ್ರ.

ವರದಿಯ ರೀತಿಯೂ ಬದಲಾಗಿದೆ. ‘ಹುಡುಗ ಉದಾಸೀನನಾಗಿದ್ದ’ ಎಂದು ಬರೆದರೆ ಸಂಸ್ಥೆಯ ಸಂಪಾದಕರು ಅದು ನಿಮ್ಮ ಅಭಿಪ್ರಾಯ, ಕಂಡದ್ದನ್ನು ಮಾತ್ರ ಬರೆಯಿರಿ ಎಂದು ಹಿಂದಕ್ಕೆ ಕಳುಹಿಸುತ್ತಾರೆ. ಮೊದಮೊದಲು ಇದು ಕಿರಿಕಿರಿಯೆನಿಸುತ್ತಿತ್ತು. ಈಗ ಆ ನಿಯಮವನ್ನೇ ಆಕೆ ಆಯುಧ ಮಾಡಿಕೊಂಡಿದ್ದಾರೆ. ಕೊನೆಯ ‘ಷರಾ’ ಎಂಬ ಪೆಟ್ಟಿಗೆಯಲ್ಲಿ, ‘7 ಗಂಟೆ 5 ನಿಮಿಷಕ್ಕೆ ಒಳಗೆ ಬಂದೆ. ಮಹಡಿಯಲ್ಲಿ ಗಿರಾಕಿಗಳು 6 ಮಂದಿ, ನೌಕರರು ಒಬ್ಬರು. ಆಕೆ ಇನ್ನೊಬ್ಬರಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದರು. 4 ನಿಮಿಷದ ಮೇಲೆ ನನ್ನ ಕಡೆ ಬಂದರು. ಮಹಡಿಯಲ್ಲಿ ನೌಕರರಿಗೆ ಆಸನ ಕಾಣಲಿಲ್ಲ’ ಎಂದು ಬರೆಯುತ್ತಾರೆ. ಅಭಿಪ್ರಾಯ ಒಂದೂ ಇಲ್ಲ. ಯಾವ ಸಂಪಾದಕರೂ ಹೊಡೆದು ಹಾಕುವಂತಿಲ್ಲ. ಓದುವವರು ಓದುತ್ತಾರೆಯೋ ಇಲ್ಲವೋ ಆಕೆಗೆ ಗೊತ್ತಿಲ್ಲ. ಒಂದು ಅಂಗಡಿಯಲ್ಲಿ ಮಾತ್ರ, ಎರಡನೆಯ ಸಲ ಹೋದಾಗ, ಕೌಂಟರಿನ ಹಿಂದೆ ಒಂದು ಸ್ಟೂಲು ಕಂಡಿತಂತೆ. ಅದು ತಮ್ಮ ಷರಾದ ಫಲವೆಂದು ಆಕೆ ಹೇಳಿಕೊಳ್ಳಲಿಲ್ಲ, ನಾನೂ ಹೇಳುವುದಿಲ್ಲ.

ರಾಜಾಜಿನಗರದ ಸೋದರಿಗೆ: ಇಪ್ಪತ್ತೈದನೆಯ ತಾರೀಖಿನ ತಾಪತ್ರಯಕ್ಕೆ ಇದು ಮದ್ದಲ್ಲ, ಮನೆಯ ಹಣವನ್ನು ಎರಡು ತಿಂಗಳು ಹೊರಗೆ ಬಿಡುವ ಶಕ್ತಿಯಿದ್ದರೆ, ತಿಂಗಳಿಗೆ ಎರಡೋ ಮೂರೋ ಕೆಲಸ, ಅದೂ ಹೇಗಿದ್ದರೂ ಕೊಳ್ಳಬೇಕಾದ ಸಾಮಾನಿನವು, ಹಿಡಿಯಬಹುದು. ಸಂಸ್ಥೆಯ ವಿಳಾಸ ಕೇಳಿದ್ದೀರಿ. ಅದನ್ನು ಕೊಡುವ ಅಧಿಕಾರ ನನಗಿಲ್ಲ, ಕ್ಷಮಿಸಿ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಈ ಲೇಖನದ ಟಿಪ್ಪಣಿಗಳನ್ನು ಮೊನ್ನೆ ಗಾಂಧಿಬಜಾರಿನ ಹೋಟೆಲೊಂದರಲ್ಲಿ ಕುಳಿತು ಬರೆದುಕೊಳ್ಳುತ್ತಿದ್ದೆ. ದೋಸೆ ತಂದ ಹುಡುಗ ಎರಡು ಸಲ ನನ್ನ ಪುಸ್ತಕದ ಕಡೆ ಕಣ್ಣು ಹಾಯಿಸಿದ. ಆಮೇಲೆ ಕೇಳದೆಯೇ ಚಟ್ನಿ ತಂದ, ನೀರು ತಂದ, ಮೇಜನ್ನು ಮತ್ತೊಮ್ಮೆ ಒರೆಸಿದ. ಹೊರಡುವಾಗ ತಡೆಯಲಾರದೆ, “ಸಾರ್, ನೀವು ಕಂಪನಿ ಕಡೆಯವರಾ?” ಎಂದು ಕೇಳಿದ. ಅಲ್ಲಪ್ಪಾ, ಪತ್ರಿಕೆಯವನು, ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. ಬಾಗಿಲವರೆಗೂ ಬಂದು ಕೊಡೆ ಕೈಗೆ ಕೊಟ್ಟ.